ಗಾದಿ ಅಂಗಡಿಯ ಕುಬ್ರಾಬಿಗೆ ನಿದ್ದೆ ಬಂದ ಕಥೆ

ಕುರುಗೋಡಿನ ಗುಡ್ಡದ ಬುಡದ ಓಣಿಯೊಂದರಲ್ಲಿ ಲಾಲಸಾಬನ ಗಾದಿ ಅಂಗಡಿ ಇದೆ. ಅಂಗಡಿಯ ಹಿಂದೆಯೇ ಮನೆ. ಹತ್ತಿ ಹಿಂಜುವ ಯಂತ್ರ ಶುರುವಾಯಿತೆಂದರೆ ಅರಳೆಯ ಎಳೆಗಳು ಮೇಲೆದ್ದು, ಬಾಗಿಲಿನಿಂದ ಬೀಳುವ ಬಿಸಿಲಿನಲ್ಲಿ ತೇಲುತ್ತ ತೇಲುತ್ತ ನೆಲಕ್ಕಿಳಿಯುತ್ತವೆ. ಮಧ್ಯಾಹ್ನ ಯಂತ್ರ ನಿಲ್ಲುತ್ತದೆ. ಆಗ ಓಣಿಗೆ ಇನ್ನೊಂದು ಸದ್ದು ಕೇಳಿಸತೊಡಗುತ್ತಿತ್ತು. ಅದು ಲಾಲಸಾಬನ ಹೆಂಡತಿ ಕುಬ್ರಾಬಿಯ ಗೊರಕೆ.

"ಲಾಲಸಾಬಣ್ಣಾ, ಮಷೀನ್ ಬಂದ್ ಮಾಡೋದು ಮರ್ತೀಯೇನು?" ಎಂದು ಎದುರು ಮನೆಯ ಹೊನ್ನೂರಮ್ಮ ಕೂಗುತ್ತಿದ್ದಳು.

"ಅದು ಬಂದ್ ಐತಿ ಅಕ್ಕಾ. ಇದು ಒಳಗಿನ ಮಷೀನು," ಎಂದು ಲಾಲಸಾಬ ನಗುತ್ತಿದ್ದ. ಓಣಿಯೂ ನಗುತ್ತಿತ್ತು.

ಕುಬ್ರಾಬಿ ಮಾತ್ರ ನಗುತ್ತಿರಲಿಲ್ಲ. ಗಂಡಸು ಗೊರಕೆ ಹೊಡೆದರೆ 'ಪಾಪ, ದುಡಿದು ದಣಿದಾನ' ಅನ್ನುವ ಜನ, ಹೆಂಗಸು ಹೊಡೆದರೆ ಬಾಯಿಗೆ ಸೆರಗು ಹಿಡಿದು ನಗುತ್ತಾರೆ. ಅವಳ ಮಗಳು ಇರ್ಫಾನಾಳನ್ನು ಸಿರುಗುಪ್ಪಕ್ಕೆ ಕೊಟ್ಟಿದ್ದರು. ಮದುವೆಯ ಮಾರನೆಯ ದಿನ ಬೀಗರ ಮನೆಯ ಪಡಸಾಲೆಯಲ್ಲಿ ಕುಬ್ರಾಬಿ ಒಂದು ಗಳಿಗೆ ಅಡ್ಡಾಗಿದ್ದಳು. ಕಣ್ಣು ಬಿಟ್ಟಾಗ ಆ ಮನೆಯ ಮಕ್ಕಳು ಸುತ್ತ ನಿಂತು ಮೂಗು ಉಬ್ಬಿಸಿ 'ಗುರ್ರ್... ಗುರ್ರ್...' ಎಂದು ಆಡುತ್ತಿದ್ದರು. ಅಂದಿನಿಂದ ಅವಳು ಬೇರೆಯವರ ಮನೆಯಲ್ಲಿ ದಿಂಬಿಗೆ ತಲೆ ಇಟ್ಟಿರಲಿಲ್ಲ. ಎಂಥ ಕಾರ್ಯವಿದ್ದರೂ ಹೊತ್ತು ಮುಳುಗುವುದರೊಳಗೆ ಬಸ್ ಹಿಡಿದು ಕುರುಗೋಡಿಗೆ ಬಂದುಬಿಡುತ್ತಿದ್ದಳು.

ಮನೆಯಲ್ಲಾದರೂ ನಿದ್ದೆಯ ಸುಖ ಇತ್ತೇ? ಅದೂ ಇರಲಿಲ್ಲ. ರಾತ್ರಿಯಿಡೀ ಮಲಗಿ ಎದ್ದರೂ ಮಲಗದವಳ ಹಾಗೆ ಮೈ ಭಾರ. ಬಾಯಿ ಒಣಗಿ ನಾಲಿಗೆ ಅಂಟಿಕೊಂಡಿರುತ್ತಿತ್ತು. ಹಣೆಯೊಳಗೆ ಕಲ್ಲು ಇಟ್ಟಂತೆ ನೋವು. ಹಗಲು ಮಂಜಿನಲ್ಲಿ ನಡೆದಂತೆ ಸಾಗುತ್ತಿತ್ತು. ಒಲೆಯ ಮೇಲೆ ಹಾಲಿಟ್ಟು ನೋಡುತ್ತ ನಿಲ್ಲುವಳು, ಹಾಲು ಉಕ್ಕಿ ಹರಿದು ಹೋಗುವುದು, ಅವಳಿಗೆ ಗೊತ್ತೇ ಆಗುವುದಿಲ್ಲ. ದಿಂಬಿನ ಗವಸು ಹೊಲಿಯುತ್ತ ಕೂತರೆ ಸೂಜಿ ಕೈಯಲ್ಲೇ ಇರುವುದು, ಕಣ್ಣು ಎಲ್ಲೋ ಹೋಗಿರುವುದು. ಮಾತಿಗೆ ಮಾತು ಸಿಟ್ಟು ಬೇರೆ.

ಕಣ್ಣು ಮುಚ್ಚಿದರೆ ಸಾಕು, ಅದೇ ಕನಸು. ಆಕಾಶದಷ್ಟು ಅರಳೆ. ಅದರ ಮೇಲೆ ಅವಳು ಅಂಗಾತ ಮಲಗಿದ್ದಾಳೆ. ಹಗುರ ಗಾಳಿ. ದೂರದಲ್ಲಿ ಸಿರುಗುಪ್ಪದ ಭತ್ತದ ಗದ್ದೆಗಳು ನೀರಿನ ಹಾಗೆ ಹಸಿರಾಗಿ ತೂಗಾಡುತ್ತವೆ. ಎಷ್ಟು ಚೆಂದ ಅಂದುಕೊಳ್ಳುವಷ್ಟರಲ್ಲಿ ಮೇಲಿನಿಂದಲೂ ಅರಳೆ ಇಳಿಯತೊಡಗುತ್ತದೆ. ಮೊದಲು ಕಾಲಿನ ಮೇಲೆ, ಆಮೇಲೆ ಎದೆಯ ಮೇಲೆ, ಆಮೇಲೆ ಬಾಯಿ ಮೂಗಿನ ಮೇಲೆ. ಕೂಗಬೇಕೆಂದರೆ ದನಿ ಇಲ್ಲ. ಗಕ್ಕನೆ ಉಸಿರೆಳೆದುಕೊಂಡು ಹೊರಳುತ್ತಾಳೆ. ಮತ್ತೆ ಅರಳೆ ಇಳಿಯುತ್ತದೆ.

ಲಾಲಸಾಬ ಕೆಟ್ಟವನಲ್ಲ. ಹೆಂಡತಿಗೆ ನಿದ್ದೆ ಸರಿಯಿಲ್ಲ ಅಂದರೆ ಹಾಸಿಗೆ ಸರಿಯಿಲ್ಲ ಎಂದು ತಿಳಿಯುವ ಮನುಷ್ಯ. ಹಳೆಯ ಗಾದಿ ಬಿಚ್ಚಿ ಹೊಸ ಅರಳೆ ತುಂಬಿಕೊಟ್ಟ. ಎತ್ತರದ ದಿಂಬು ಮಾಡಿಕೊಟ್ಟ. ಅದು ಆಗಲಿಲ್ಲವೆಂದು ತೆಳುವಾದದ್ದು ಮಾಡಿಕೊಟ್ಟ. ಊರಿಗೆಲ್ಲ ಮೆತ್ತನೆಯ ಹಾಸಿಗೆ ಹೊಲಿಯುವವನು ಸ್ವಂತ ಹೆಂಡತಿಗೆ ಯಾವ ಹಾಸಿಗೆ ಹೊಲಿಯಬೇಕೆಂದು ತಿಳಿಯದೆ ಕೈ ಕಟ್ಟಿ ಕೂತ.

"ಗೊರಕಿ ಹೊಡಿತೀ ಅಂದ್ರ ಗಟ್ಟಿ ನಿದ್ದಿ ಬಂದೈತಿ ಅಂತ ಅರ್ಥ. ಆದರೂ ಸುಸ್ತು ಸುಸ್ತು ಅಂತೀ. ನಿಂದು ನನಗ ತಿಳಿಯಂಗಿಲ್ಲ ನೋಡು," ಎನ್ನುತ್ತಿದ್ದ.

"ನನಗಾದರೂ ಎಲ್ಲಿ ತಿಳಿತೈತ್ರಿ," ಎನ್ನುತ್ತಿದ್ದಳು ಅವಳು.

ಹೀಗಿರುವಾಗ ಇರ್ಫಾನಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಹೆಣ್ಣು ಕೂಸು ಹುಟ್ಟಿತು. ಹೊಸ ಅರಳೆಯಷ್ಟೇ ಮೆತ್ತಗಿನ ಕೂಸು. ಕುಬ್ರಾಬಿಗೆ ಮಂಜು ಒಂದಿಷ್ಟು ಸರಿದಂತಾಯಿತು. ಮಗಳ ಬಾಣಂತನ, ಮೊಮ್ಮಗಳಿಗೆ ನೀರು ಹಾಕುವುದು, ಎಲ್ಲ ತಾನೇ ಮಾಡಬೇಕೆಂದು ಸೆರಗು ಬಿಗಿದು ನಿಂತಳು. ಕೂಸಿಗಾಗಿ ಒಂದೊಂದು ಸಲ ಏಳಬೇಕಾದ ರಾತ್ರಿಗಳಲ್ಲಿ ಇದ್ದ ಅರ್ಧ ನಿದ್ದೆಯೂ ಹೋಯಿತು.

ಒಂದು ಬೆಳಿಗ್ಗೆ ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಎರಡೂ ಕಾಲು ಜೋಡಿಸಿ ಚಾಚಿ, ಮೇಲೆ ಕೂಸನ್ನು ಮಲಗಿಸಿಕೊಂಡು ನೀರು ಹಾಕುತ್ತಿದ್ದಳು. ಬೆಚ್ಚನೆಯ ಹಬೆ ಎದ್ದಿತ್ತು. ಕೂಸು ಅಳದೆ ಹಾಯಾಗಿತ್ತು. ಬಾಗಿಲ ಬಳಿ ಟವೆಲ್ ಹಿಡಿದು ನಿಂತಿದ್ದ ಇರ್ಫಾನಾ ನೋಡುತ್ತಿದ್ದಂತೆ, ಅಮ್ಮನ ಕೈಯಲ್ಲಿದ್ದ ಚೊಂಬು ಗಾಳಿಯಲ್ಲೇ ನಿಂತಿತು. ಗದ್ದ ಎದೆಗೆ ಇಳಿಯಿತು. ಜೋಡಿಸಿದ್ದ ಕಾಲುಗಳು ಮೆಲ್ಲಗೆ ಅಗಲವಾದವು. ಕೂಸು ನಡುವೆ ಜಾರಿತು.

"ಅಮ್ಮಾ!"

ಇರ್ಫಾನಾ ಹಾರಿ ಕೂಸನ್ನು ಹಿಡಿದಳು. ಚೊಂಬು ಕೆಳಗೆ ಬಿದ್ದು ಉರುಳಿತು. ಕೂಸು ಬೆಚ್ಚಿ ಚೀರಿತು. ಪುಣ್ಯಕ್ಕೆ ಏನೂ ಆಗಿರಲಿಲ್ಲ.

ಕುಬ್ರಾಬಿ ಕಣ್ಣು ಬಿಟ್ಟು, "ಯಾಕ? ಏನಾತು? ಕೂಸ್ಯಾಕ ಅಳಾಕತ್ತೈತಿ?" ಎಂದಳು.

ತಾನು ನಿದ್ದೆ ಹೋಗಿದ್ದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ.

ಮಾರನೆಯ ದಿನದಿಂದ ಕೂಸಿಗೆ ನೀರು ಹಾಕಲು ಹೊನ್ನೂರಮ್ಮ ಬರತೊಡಗಿದಳು. ಇರ್ಫಾನಾ ಅಮ್ಮನಿಗೆ ಒಂದು ಮಾತೂ ಆಡಲಿಲ್ಲ. ಆದರೆ ಕೂಸನ್ನು ಅಮ್ಮನ ಮಡಿಲಿಗೆ ಕೊಟ್ಟರೆ ಪಕ್ಕದಲ್ಲೇ ಕೂತು ಕೈ ಚಾಚಿಕೊಂಡೇ ಇರುತ್ತಿದ್ದಳು. ಕುಬ್ರಾಬಿಗೆ ಅದು ಮಾತಿಗಿಂತ ಹೆಚ್ಚು ನೋಯಿಸಿತು. ಕೂಸನ್ನು ಎತ್ತಿಕೊಳ್ಳುವುದನ್ನೇ ಬಿಟ್ಟಳು. ತೊಟ್ಟಿಲ ಪಕ್ಕ ಕೂತು ಹಗ್ಗ ತೂಗುವಳು, ಅಷ್ಟೇ. ಸುದ್ದಿ ಸಿರುಗುಪ್ಪಕ್ಕೂ ಹೋಯಿತು. ಬೀಗಿತ್ತಿ ಫೋನ್ ಮಾಡಿ, "ಪಾಪ, ನಿಮಗ ಕೈಲಾಗಂಗಿಲ್ಲ ಕುಬ್ರಾಬಿ. ಬರೋ ವಾರ ಶಾಕೀರನ್ನ ಕಳಸ್ತೀನಿ. ತಾಯಿ ಕೂಸು ಇಬ್ಬರನ್ನೂ ಇಲ್ಲಿಗೇ ಕಳಿಸಿಬಿಡ್ರಿ," ಎಂದಳು. ಶಾಕೀರ್ ಅಂದರೆ ಅಳಿಯ. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಕೆಲಸ.

ಕುಬ್ರಾಬಿ ಫೋನ್ ಇಟ್ಟು ಗೋಡೆಯ ಕಡೆ ಮುಖ ಮಾಡಿ ಕೂತಳು. ಲಾಲಸಾಬನಿಗೆ ತಡೆಯಲಾಗಲಿಲ್ಲ. ಔಷಧಿ ಅಂಗಡಿಗೆ ಹೋಗಿ, ಪರಿಚಯದವನ ಕೈಕಾಲು ಹಿಡಿದು, ನಿದ್ದೆ ಗುಳಿಗೆ ತಂದ.

"ಇವತ್ತ ರಾತ್ರಿ ಇದನ್ನ ತಗೊಂಡು ಮಕ್ಕೋ. ಬೆಳತನಕ ಎಚ್ಚರಾಗಬಾರದು, ಹಂಗ ನಿದ್ದಿ ಬರ್ತೈತಂತ."

ಆ ಮಧ್ಯಾಹ್ನವೇ ಗೌತಮಿ ಬಂದಳು. ಆರೋಗ್ಯ ಕೇಂದ್ರದ ನರ್ಸ್ ಅವಳು. ಬಾಣಂತಿಯರನ್ನೂ ಕೂಸುಗಳನ್ನೂ ನೋಡಿಕೊಂಡು ಹೋಗಲು ಓಣಿಗೆ ಬರುತ್ತಿದ್ದಳು. ಕೂಸಿನ ತೂಕ ನೋಡಿದಳು, ಇರ್ಫಾನಾಳ ಬಿಪಿ ನೋಡಿದಳು. ಹೊರಗೆ ಬಿಸಿಲು ಬೆಳ್ಳಗೆ ಕಾದು ನಿಂತಿತ್ತು. ಯಾರೂ ಓಡಾಡುತ್ತಿರಲಿಲ್ಲ. ಒಳಗಿನ ಕೋಣೆಯಿಂದ ಗೊರಕೆ ಬರುತ್ತಿತ್ತು.

"ಯಾರು ಮಕ್ಕೊಂಡಾರ?"

"ನಮ್ಮ ಅಮ್ಮ ರೀ," ಎಂದು ಇರ್ಫಾನಾ ನಾಚಿಕೆಯಿಂದ ಬಾಗಿಲು ಮುಂದೆ ಮಾಡಲು ಎದ್ದಳು.

"ತಡಿ, ಹಾಕಬ್ಯಾಡ," ಎಂದಳು ಗೌತಮಿ. ತಲೆ ಓರೆ ಮಾಡಿ ಕೇಳಿಸಿಕೊಂಡಳು. ಗೊರಕೆ ಏರುತ್ತ ಏರುತ್ತ ಹೋಯಿತು. ಒಮ್ಮೆಲೇ ನಿಂತಿತು. ಮನೆ ಸ್ತಬ್ಧವಾಯಿತು. ತೊಟ್ಟಿಲ ಹಗ್ಗದ ಕಿರ್ ಕಿರ್ ಸದ್ದು ಮಾತ್ರ. ಆಮೇಲೆ ಗಂಟಲು ಹರಿದಂತೆ ಗಕ್ಕನೆ ಒಂದು ಉಸಿರು. ಮತ್ತೆ ಗೊರಕೆ.

"ದಿನಾ ಹಿಂಗ ಆಗ್ತೈತಾ?"

"ಹಿಂಗ ರೀ. ಮೊದಲಿಂದಾನೂ ಹಿಂಗ."

"ಫೋನ್ ತಗಿ. ಬಾಗಲಾಗ ನಿಂತು ಒಂದು ವಿಡಿಯೋ ಮಾಡು. ಮುಖ, ಎದಿ ಎರಡೂ ಕಾಣ್ಬೇಕು."

ಕುಬ್ರಾಬಿ ಎದ್ದು ಹೊರಗೆ ಬಂದಾಗ ಗೌತಮಿ ಇನ್ನೂ ಕೂತೇ ಇದ್ದಳು. ಕುಬ್ರಾಬಿ ಮುಖಕ್ಕೆ ನೀರು ಹಾಕಿಕೊಂಡು, "ಚಾ ಮಾಡ್ತೀನಿ ಸಿಸ್ಟರ್," ಎಂದು ಒಲೆಯ ಕಡೆ ಹೊರಟಳು.

"ಚಾ ಆಮ್ಯಾಲ. ಇಲ್ಲಿ ಕುಂದರ್ರಿ ಅಮ್ಮಾ. ಇದನ್ನೊಂದು ನೋಡ್ರಿ."

ಫೋನಿನಲ್ಲಿ ತನ್ನನ್ನು ತಾನು ಕಂಡು ಕುಬ್ರಾಬಿಯ ಮುಖ ಕೆಂಪಾಯಿತು. "ಯಾ ಅಲ್ಲಾ, ಇದನ್ನ ಯಾಕ ತಗದಿ? ಸಿರುಗುಪ್ಪಕ್ಕ ಕಳಿಸಾಕೇನು?" ಎಂದು ಮಗಳ ಮೇಲೆ ಸಿಟ್ಟಾದಳು. ಆದರೂ ಕಣ್ಣು ತೆಗೆಯಲಿಲ್ಲ. ಗೊರಕೆ ಏರಿತು. ನಿಂತಿತು. ಕುಬ್ರಾಬಿ ಕಾದಳು. ಇನ್ನೂ ಕಾದಳು.

"ನಿಂತಬಿಡ್ತಲ್ಲ ವಿಡಿಯೋ," ಎಂದಳು.

"ವಿಡಿಯೋ ನಿಂತಿಲ್ಲಮ್ಮಾ," ಎಂದಳು ಇರ್ಫಾನಾ. "ಮ್ಯಾಲ ಫ್ಯಾನ್ ತಿರಗಾಕತ್ತೈತಿ ನೋಡು. ನಿನ್ನ ಉಸಿರು ನಿಂತೈತಿ."

ಕುಬ್ರಾಬಿ ನೋಡಿದಳು. ಫ್ಯಾನು ತಿರುಗುತ್ತಿತ್ತು. ಎದೆ ಏಳಲು ಹೆಣಗುತ್ತಿತ್ತು, ಆದರೆ ಬಾಯಿಂದ ಮೂಗಿನಿಂದ ಗಾಳಿ ಇರಲಿಲ್ಲ. ಆಮೇಲೆ ಗಕ್ಕನೆ ಆ ಉಸಿರು. ತನ್ನ ಕನಸನ್ನು ಹೊರಗಿನಿಂದ ನೋಡಿದಂತಾಯಿತು ಅವಳಿಗೆ. ಯಾರಿಗೂ ಹೇಳದ ಆ ಅರಳೆಯ ಕನಸನ್ನು ಅಲ್ಲಿಯೇ, ಮೊದಲ ಸಲ, ಬಾಯಿ ಬಿಟ್ಟು ಹೇಳಿದಳು.

ಗೌತಮಿ ಅವಳ ಕೈ ಹಿಡಿದುಕೊಂಡಳು. "ಅಮ್ಮಾ, ನೀವು ರಾತ್ರಿ ಪೂರ್ತಿ ಮಕ್ಕೊಂಡೀನಿ ಅಂತೀರಿ. ಖರೇ ಅಂದ್ರ ನೀವು ಮಕ್ಕೊಂಡೇ ಇಲ್ಲ. ನಿದ್ದಿಯೊಳಗ ಗಂಟಲದ ದಾರಿ ಮುಚ್ತೈತಿ. ಉಸಿರು ನಿಲ್ತೈತಿ. 'ಏಳು, ಉಸಿರು ತಗೋ' ಅಂತ ಮೆದುಳು ಎಬ್ಬಸ್ತೈತಿ. ನಿಮಗ ಎಚ್ಚರಾಗಿದ್ದು ಗೊತ್ತಾಗಂಗಿಲ್ಲ. ರಾತ್ರೆಲ್ಲ ಇದ ನಡೀತೈತಿ. ಅದಕ ಹಗಲಿ ಕಣ್ಣು ಎಳೀತಾವ. ಇದಕ ಸ್ಲೀಪ್ ಆಪ್ನಿಯಾ ಅಂತಾರ."

ಮಾತು ಕೇಳಿ ಲಾಲಸಾಬ ಅಂಗಡಿಯಿಂದ ಒಳಗೆ ಬಂದ. ಮೈಮೇಲೆಲ್ಲ ಅರಳೆ ಮೆತ್ತಿತ್ತು.

"ಏ, ಬಿಡ್ರಿ ಸಿಸ್ಟರ್. ಈಗಿನ ಕಾಲದಾಗ ಎಲ್ಲಾಕ್ಕೂ ಒಂದು ಇಂಗ್ಲಿಷ್ ಹೆಸರು. ಗೊರಕಿ ಯಾರು ಹೊಡಿಯಂಗಿಲ್ಲ? ನಮ್ಮಪ್ಪ ಇಕಿಗಿಂತ ಜೋರಾಗಿ ಹೊಡಿತಿದ್ದ. ಗುಡ್ಡಕ್ಕ ಕೇಳಸ್ತಿತ್ತು."

"ಅವ್ರು ಹಗಲಿ ಹೆಂಗಿರ್ತಿದ್ರು?"

"ಕುಂತಲ್ಲೆ ತೂಗಡಸ್ತಿದ್ದ."

"ಬಿಪಿ ಇತ್ತಾ?"

"ಇತ್ತು. ಗುಳಗಿ ತಗೊಂಡರೂ ಇಳೀತಿದ್ದಿಲ್ಲ."

"ಹೆಂಗ ಹೋದ್ರು?"

ಲಾಲಸಾಬ ತೋಳಿಗೆ ಮೆತ್ತಿದ ಅರಳೆ ಕಿತ್ತ. "ನಿದ್ದಿಯೊಳಗ ಹೋದ. ರಾತ್ರಿ ಉಂಡು ಮಕ್ಕೊಂಡವ ಬೆಳಿಗ್ಗಿ ಎದ್ದೇ ಇಲ್ಲ. ಪುಣ್ಯವಂತ ಅಂದ್ರು ಎಲ್ಲಾರೂ. ನಾನೂ ಹಂಗ ಅನ್ಕೊಂಡೆ."

ತೊಟ್ಟಿಲು ತಾನಾಗಿಯೇ ತೂಗಿ ತೂಗಿ ನಿಂತಿತು.

"ಅದು ಇದರಿಂದಾನ ಆತು ಅಂತ ನಾ ಹೇಳಾಕ ಬರಂಗಿಲ್ಲಣ್ಣಾ," ಎಂದಳು ಗೌತಮಿ ಮೆತ್ತಗೆ. "ಆದ್ರ ಉಸಿರು ನಿಂತು ನಿಂತು ಹೊಂಟ್ರ ರಕ್ತದಾಗ ಆಮ್ಲಜನಕ ಕಮ್ಮಿ ಆಗ್ತೈತಿ. ಹೃದಯಕ್ಕ ಪೆಟ್ಟು ಬೀಳ್ತೈತಿ. ಬಿಪಿ ಏರ್ತೈತಿ. ಪಾರ್ಶ್ವವಾಯು ಹೊಡಿಯೋ ಭಯ ಹೆಚ್ಚು. ಇವು ಡಾಕ್ಟರ್ ಹೇಳೋ ಮಾತು, ನನ್ನವಲ್ಲ. ಒಮ್ಮೆ ತೋರಿಸಿಬಿಡ್ರಿ."

ಲಾಲಸಾಬ ಜೇಬಿನಿಂದ ನಿದ್ದೆ ಗುಳಿಗೆಯ ಪಟ್ಟಿ ತೆಗೆದು ಅವಳ ಮುಂದೆ ಇಟ್ಟ. "ಇದನ್ನ ತಂದಿದ್ದೆ. ಕೊಡ್ಲ್ಯಾ?"

ಗೌತಮಿ ಗಾಬರಿಯಾದಳು. "ಬ್ಯಾಡಣ್ಣಾ. ಇಂಥಾ ಗುಳಗಿ ಗಂಟಲದ ಸ್ನಾಯುಗಳನ್ನ ಇನ್ನಷ್ಟು ಸಡಿಲ ಮಾಡಬಹುದು. ಉಸಿರು ನಿಂತಾಗ ಎಬ್ಬಸಬೇಕಾದ ಮೆದುಳನ್ನೂ ಮಲಗಸ್ತಾವ. ಡಾಕ್ಟರ್ ಹೇಳದ ಇವನ್ನ ಮುಟ್ಟಬ್ಯಾಡ್ರಿ."

ಲಾಲಸಾಬ ಪಟ್ಟಿಯನ್ನು ಔಷಧಿ ಅಂಗಡಿಗೆ ಹಿಂದಿರುಗಿಸಿ ಬಂದ. ಅದೇ ಸಂಜೆ ಅವನೇ ಶಾಕೀರನಿಗೆ ಫೋನ್ ಮಾಡಿದ. "ಇರ್ಫಾನಾನ ಕರ್ಕೊಂಡು ಹೋಗಾಕ ಬರಬ್ಯಾಡಪ್ಪಾ. ನಿಮ್ಮ ಅತ್ತೀನ ಬಳ್ಳಾರಿಗೆ ಕರ್ಕೊಂಡು ಹೋಗಾಕ ಬಾ," ಎಂದ.

ಶಾಕೀರ್ ಬಂದ. ಅವನು ಮಾತು ಕಡಿಮೆಯ ಹುಡುಗ. ಅವನು, ಕುಬ್ರಾಬಿ, ಲಾಲಸಾಬ ಮೂವರೂ ಬಳ್ಳಾರಿ ಬಸ್ ಹತ್ತಿದರು. ಕಿಟಕಿಯಾಚೆ ಮೆಣಸಿನಕಾಯಿ ಹೊಲಗಳು ಕೆಂಪಗೆ ಹರಡಿ ಹಿಂದೆ ಹಿಂದೆ ಸರಿದವು. ದಾರಿಯಲ್ಲಿ ಕೊಳಗಲ್ಲು ಊರು ಬರುವಷ್ಟರಲ್ಲಿ ಕುಬ್ರಾಬಿಯ ಕಣ್ಣು ಮುಚ್ಚಿತ್ತು. ಗೊರಕೆ ಶುರುವಾಯಿತು. ಬಸ್ಸಿನವರೆಲ್ಲ ತಿರುಗಿ ನೋಡಿದರು, ಒಬ್ಬಿಬ್ಬರು ನಕ್ಕರು. ಮುಂದಿನ ಸೀಟಿನಲ್ಲಿದ್ದ ಶಾಕೀರ್ ಎದ್ದು ನಿಂತು, "ನಗಬ್ಯಾಡ್ರಿ. ಅವ್ರಿಗೆ ಆರಾಮಿಲ್ಲ," ಎಂದ. ಕುಬ್ರಾಬಿಗೆ ಅರೆನಿದ್ದೆಯಲ್ಲಿ ಅದು ಕೇಳಿಸಿತು. ಕಣ್ಣು ಬಿಡಲಿಲ್ಲ. ಕಣ್ಣಂಚಿನಲ್ಲಿ ನೀರು ಬಂತು.

ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಗೌತಮಿ ಹೇಳಿದ್ದ ಆಸ್ಪತ್ರೆಯಲ್ಲಿ ಡಾಕ್ಟರ್ ಸಂಘಮಿತ್ರಾ ವಿಡಿಯೋವನ್ನು ಎರಡು ಸಲ ನೋಡಿದರು. ಕುಬ್ರಾಬಿಯ ಕುತ್ತಿಗೆ ಅಳೆದರು, ಗಂಟಲು ಮೂಗು ನೋಡಿದರು, ಬಿಪಿ ನೋಡಿದರು. ಬಿಪಿ ಏರಿತ್ತು. ತೂಕ, ಥೈರಾಯಿಡ್, ಮುಟ್ಟು ನಿಂತು ಎಷ್ಟು ವರ್ಷವಾಯಿತು, ರಾತ್ರಿ ಎಷ್ಟು ಸಲ ಮೂತ್ರಕ್ಕೆ ಏಳುತ್ತೀರಿ ಎಂದೆಲ್ಲ ಕೇಳಿದರು.

"ಮುಟ್ಟು ನಿಂತಿದ್ದಕ್ಕೂ ಗೊರಕಿಗೂ ಏನ್ರಿ ಸಂಬಂಧ?" ಎಂದಳು ಕುಬ್ರಾಬಿ ದನಿ ತಗ್ಗಿಸಿ.

"ಐತಿ ಅಮ್ಮಾ. ಮುಟ್ಟು ನಿಂತ ಮ್ಯಾಲ ಹೆಣ್ಣುಮಕ್ಕಳಿಗೆ ಇದು ಜಾಸ್ತಿ ಆಗ್ತೈತಿ. ಆದರ ಹೆಣ್ಣುಮಕ್ಕಳು ನಾಚಿಕೊಂಡು ಹೇಳಂಗಿಲ್ಲ. ಬರೇ ಸುಸ್ತು, ತಲಿನೋವು ಅಂತಾರ. ಹಂಗಾಗಿ ಕಾಯಿಲಿ ಮುಚ್ಚಿಹೋಗ್ತೈತಿ," ಎಂದರು ಡಾಕ್ಟರ್. ಲಾಲಸಾಬನ ಕಡೆ ತಿರುಗಿ, "ನೀವೇನು ಕೆಲಸ ಮಾಡ್ತೀರಿ?" ಎಂದರು.

"ಗಾದಿ, ದಿಂಬು ಮಾಡ್ತೀನ್ರಿ."

"ಹಂಗಾದ್ರ ನಿಮಗ ಬೇಗ ತಿಳಿತೈತಿ. ಖಾಲಿ ಗವಸು ಕೆಳಗಿಟ್ರ ಏನಾಗ್ತೈತಿ?"

"ಎರಡೂ ಪದರ ಅಂಟಿಕೊಂಡು ಮಲಗಿಬಿಡ್ತಾವ್ರಿ."

"ಗಂಟಲಾನೂ ಹಂಗ. ಎಚ್ಚರ ಇದ್ದಾಗ ಬಿಗಿಯಾಗಿರ್ತೈತಿ. ನಿದ್ದಿಯೊಳಗ ಸಡಿಲಾಗ್ತೈತಿ. ಸ್ವಲ್ಪ ಸಡಿಲಾದ್ರ ಗಾಳಿ ತಾಗಿ ಅದುರ್ತೈತಿ, ಅದು ಗೊರಕಿ. ಪೂರ್ತಿ ಅಂಟಿಕೊಂಡ್ರ ಗಾಳಿ ಬಂದ್, ಅದು ಆಪ್ನಿಯಾ. ಗೊರಕಿ ಹೊಡಿಯೋರಿಗೆಲ್ಲ ಇದು ಇರಂಗಿಲ್ಲ. ಯಾರಿಗೆ ಐತಿ ಅಂತ ಪರೀಕ್ಷಾ ಮಾಡಿ ನೋಡಬೇಕು."

ಪರೀಕ್ಷೆ ಅಂದರೆ ಸೂಜಿ ಚುಚ್ಚುವುದಲ್ಲ. ಒಂದು ಪುಟ್ಟ ಯಂತ್ರ ಕೊಟ್ಟರು. ಎದೆಗೆ ಒಂದು ಪಟ್ಟಿ, ಬೆರಳಿಗೆ ಒಂದು ಕ್ಲಿಪ್ಪು, ಮೂಗಿನ ಬಳಿ ಒಂದು ತೆಳ್ಳನೆಯ ಕೊಳವೆ. ಅದನ್ನು ಹಾಕಿಕೊಂಡು ಒಂದು ರಾತ್ರಿ ಮನೆಯಲ್ಲೇ ಮಲಗಬೇಕು. ಕುಬ್ರಾಬಿ ಮಲಗಿದಳು. ವರದಿ ನೋಡಿ ಡಾಕ್ಟರ್, "ಒಂದು ಗಂಟಿಗೆ ಮೂವತ್ತಕ್ಕಿಂತ ಹೆಚ್ಚು ಸಲ ಇವರ ಉಸಿರು ನಿಲ್ಲಾಕತ್ತೈತಿ. ಇದು ಜೋರಾಗೇ ಐತಿ," ಎಂದರು.

ಲಾಲಸಾಬ ಕುರ್ಚಿಯ ಕೈ ಹಿಡಿದುಕೊಂಡ. ಇಷ್ಟು ವರ್ಷ ಪಕ್ಕದಲ್ಲೇ ಮಲಗಿದ್ದವನು ಅವನು.

"ಇದಕ ಔಷಧ ಐತೇನ್ರಿ?" ಎಂದ.

ಡಾಕ್ಟರ್ ಮೇಜಿನ ಮೇಲೆ ಒಂದು ಸಣ್ಣ ಪೆಟ್ಟಿಗೆಯಂಥ ಯಂತ್ರ ಇಟ್ಟರು. ಅದಕ್ಕೊಂದು ಕೊಳವೆ, ಕೊಳವೆಯ ತುದಿಗೆ ಮೂಗಿಗೆ ಹಾಕುವ ಮಾಸ್ಕು. "ಇದು ಸಿಪ್ಯಾಪ್ ಅಂತ. ಮಕ್ಕೊಂಡಾಗ ಹಾಕ್ಕೊಂಡ್ರ ಹಗುರಕ ಗಾಳಿ ಒತ್ತತೈತಿ. ಗಂಟಲು ಅಂಟಿಕೊಳ್ಳಾಕ ಬಿಡಂಗಿಲ್ಲ."

ಲಾಲಸಾಬನ ಮುಖ ಅರಳಿತು. "ಅಂದ್ರ ಗವಸಿನೊಳಗ ಅರಳಿ ತುಂಬಿದಂಗ! ಗಾಳೀನ ಅರಳಿ!"

"ಅದ ಅದ!" ಎಂದು ಡಾಕ್ಟರ್ ನಕ್ಕರು. ಯಂತ್ರ ಕೆಲವು ಕಡೆ ಬಾಡಿಗೆಗೂ ಸಿಗುತ್ತದೆ, ಮೊದಲು ಹಾಗೆ ತಂದು ನೋಡಿ ಎಂದರು. ತೂಕ ಇಳಿಸಬೇಕು, ರಾತ್ರಿ ಬೇಗ ಉಣ್ಣಬೇಕು, ಅಂಗಾತ ಮಲಗದೆ ಮಗ್ಗುಲಾಗಿ ಮಲಗಬೇಕು, ಬಿಪಿಗೆ ಬರೆದುಕೊಟ್ಟ ಗುಳಿಗೆ ತಪ್ಪಿಸಬಾರದು ಎಂದೂ ಹೇಳಿದರು. ಎಲ್ಲರಿಗೂ ಯಂತ್ರವೇ ಬೇಕೆಂದಿಲ್ಲ, ಕೆಲವರಿಗೆ ತೂಕ ಇಳಿದರೆ ಸಾಕಾಗುತ್ತದೆ, ಕೆಲವರಿಗೆ ಮೂಗು ಗಂಟಲಿನ ಚಿಕಿತ್ಸೆ ಬೇಕಾಗುತ್ತದೆ ಎಂದರು. ಕುಬ್ರಾಬಿಯ ಕಣ್ಣು ಮಾತ್ರ ಆ ಮಾಸ್ಕಿನ ಮೇಲಿತ್ತು.

ಯಂತ್ರ ಬಾಡಿಗೆಗೆ ತಂದರು. ಮೊದಲ ರಾತ್ರಿ ಅದರ ಮಾಸ್ಕು ಹಾಕಿಕೊಂಡು ಮಲಗಿದವಳು ಸ್ವಲ್ಪ ಹೊತ್ತಿಗೇ ಕಿತ್ತು ಎಸೆದಳು. "ಆನಿ ಸೊಂಡಿಲು ಇದ್ದಂಗ ಐತಿ. ನಾ ಹಾಕ್ಕೊಳ್ಳಂಗಿಲ್ಲ. ಬೀಗರು ನೋಡಿದ್ರ ಇನ್ನೂ ನಗ್ತಾರ," ಎಂದು ಅತ್ತಳು. ಎರಡನೆಯ ರಾತ್ರಿಯೂ ಹಾಗೇ ಆಯಿತು.

ಗೌತಮಿ ಬಂದು ಬೈಯಲಿಲ್ಲ. "ರೂಢಿ ಆಗಾಕ ಟೈಮ್ ಬೇಕಮ್ಮಾ. ಹಗಲಿ ಕುಂತಾಗ ಸ್ವಲ್ಪ ಹೊತ್ತು ಹಾಕ್ಕೊಳ್ರಿ. ಸುಮ್ಮನ ಉಸಿರಾಡ್ರಿ. ಮಾಸ್ಕ್ ಬಿಗಿ ಆದ್ರ ಬ್ಯಾರೆ ಅಳತೀದು ಕೊಡ್ತಾರ," ಎಂದಳು. ಮಾಸ್ಕು ಬದಲಾಯಿಸಿದರು. ಮಧ್ಯಾಹ್ನ ಕುಬ್ರಾಬಿ ಅದನ್ನು ಹಾಕಿಕೊಂಡು ತೊಟ್ಟಿಲ ಪಕ್ಕ ಕೂರುವಳು. ಕೂಸು ಕಣ್ಣರಳಿಸಿ ನೋಡುವುದು. ಒಂದು ದಿನ ಬಾಯಿ ಅಗಲಿಸಿ ನಕ್ಕೇಬಿಟ್ಟಿತು. "ನಗು, ನಗು. ನೀ ನಕ್ಕರ ನನಗ ಬ್ಯಾಸರಿಲ್ಲ," ಎಂದಳು ಕುಬ್ರಾಬಿ ಮಾಸ್ಕಿನೊಳಗಿನಿಂದ. ಅವಳೂ ನಗುತ್ತಿದ್ದಳು.

ದಿನಗಳು ಹೀಗೆ ಹೋದವು. ಒಂದು ಬೆಳಿಗ್ಗೆ ಯಾರೂ ಎಬ್ಬಿಸದೆ ಅವಳಿಗೆ ಎಚ್ಚರವಾಯಿತು. ಮಸೀದಿಯಿಂದ ಬೆಳಗಿನ ಆಜಾನ್ ತೇಲಿ ಬರುತ್ತಿತ್ತು. ಬಾಯಿ ಒಣಗಿರಲಿಲ್ಲ. ಹಣೆಯೊಳಗಿನ ಕಲ್ಲು ಇರಲಿಲ್ಲ. ರಾತ್ರಿ ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ. ಆಳವಾದ ತಣ್ಣನೆಯ ನೀರಿನಲ್ಲಿ ಮುಳುಗಿ, ಉಸಿರು ಕಟ್ಟದೆ, ಹಾಗೇ ತೇಲಿ ದಂಡೆಗೆ ಬಂದಂತಿತ್ತು. ಕಿಟಕಿಯಲ್ಲಿ ಗುಡ್ಡದ ಬಂಡೆಗಳು ಒಂದೊಂದಾಗಿ ಮೂಡುತ್ತಿದ್ದವು. ಅವು ಇಷ್ಟು ಸ್ಪಷ್ಟವಾಗಿ ಇದ್ದವೆಂಬುದು ಅವಳಿಗೆ ಮರೆತೇ ಹೋಗಿತ್ತು.

ಪಕ್ಕದಲ್ಲಿ ಲಾಲಸಾಬ ಎದ್ದು ಕೂತಿದ್ದ. ಕಣ್ಣು ಕೆಂಪಾಗಿದ್ದವು.

"ಯಾಕ್ರಿ? ನಿದ್ದಿ ಬರಲಿಲ್ಲೇನು?"

"ಸದ್ದೇ ಇಲ್ಲಲ್ಲ ನಿಂದು. ಎದಿ ಏಳತೈತೋ ಇಲ್ಲೋ ಅಂತ ನೋಡಕೋಂತ ಕುಂತಿದ್ದೆ," ಎಂದ ಅವನು. ಕುಬ್ರಾಬಿ ಅವನ ಕೈ ತೆಗೆದು ತನ್ನ ಎದೆಯ ಮೇಲಿಟ್ಟುಕೊಂಡಳು. ಅದು ನೆಮ್ಮದಿಯಾಗಿ ಏಳುತ್ತಿತ್ತು, ಇಳಿಯುತ್ತಿತ್ತು.

ಬಿಪಿ ಇಳಿಯಿತು. ಹಾಲು ಉಕ್ಕುವುದು ನಿಂತಿತು. ಡಾಕ್ಟರ್ ಇನ್ನೊಮ್ಮೆ ನೋಡಿ, ಹಗಲಿನ ತೂಕಡಿಕೆ ಹೋಗಿದೆ ಎಂದು ಹೇಳಿದ ಮೇಲೆ ಇರ್ಫಾನಾ ಒಂದು ಬೆಳಿಗ್ಗೆ ಕೂಸನ್ನು ತಂದು ಅಮ್ಮನ ಕಾಲ ಮೇಲೆ ಮಲಗಿಸಿದಳು. ಟವೆಲ್ ತರಲು ಹೊರಗೆ ಹೋದಳು. ಅಮ್ಮನ ಕಡೆ ತಿರುಗಿ ನೋಡಲಿಲ್ಲ. ಕುಬ್ರಾಬಿ ಕೂಸಿನ ಬೆನ್ನಿಗೆ ನೀರು ಹಾಕುತ್ತ ಬಿಕ್ಕಿದಳು.

ಇರ್ಫಾನಾಳನ್ನೂ ಕೂಸನ್ನೂ ಗಂಡನ ಮನೆಗೆ ಕಳಿಸುವ ದಿನ ಬಂದಾಗ ಕುಬ್ರಾಬಿಯೂ ಸಿರುಗುಪ್ಪಕ್ಕೆ ಹೋದಳು. ಹೊತ್ತು ಮುಳುಗಿತು. ಅವಳು ಬಸ್ಸಿಗೆ ಏಳಲಿಲ್ಲ. ಚೀಲದಿಂದ ಯಂತ್ರ ತೆಗೆದು ಪಡಸಾಲೆಯಲ್ಲಿಟ್ಟಳು. ಮಕ್ಕಳು ಸುತ್ತ ನೆರೆದರು.

"ಅಜ್ಜೀ, ಇದೇನು?"

"ಇದು ನನಗ ರಾತ್ರಿ ಉಸಿರು ಕೊಡ್ತೈತಿ," ಎಂದಳು. ಬೀಗಿತ್ತಿ ಮೊದಲು ಬೆರಗಾಗಿ ನೋಡಿದಳು. ಆಮೇಲೆ ಹತ್ತಿರ ಬಂದು ಕೂತು ಪಿಸುದನಿಯಲ್ಲಿ, "ನನಗೂ ಬೆಳಿಗ್ಗಿ ಎದ್ರ ತಲಿ ಭಾರ ಕುಬ್ರಾಬಿ. ಆ ಡಾಕ್ಟರ್ ದವಾಖಾನಿ ಎಲ್ಲಿ ಬರ್ತೈತಿ?" ಎಂದು ಕೇಳಿದಳು.

ಮೊನ್ನೆ ರೂಪನಗುಡಿಯ ಜೋಗಮ್ಮ ಗಂಡ ಮಾರೇಶನನ್ನು ಕರೆದುಕೊಂಡು ಲಾಲಸಾಬನ ಅಂಗಡಿಗೆ ಬಂದಿದ್ದಳು. ಮಾರೇಶ ಟ್ರ್ಯಾಕ್ಟರ್ ಓಡಿಸುತ್ತಾನೆ.

"ಇವ್ರಿಗೆ ಒಂದು ದಪ್ಪನ ಗಾದಿ ಮಾಡಿಕೊಡ್ರಿ ಅಣ್ಣಾ. ಅಬಬಾ, ಏನು ಗೊರಕಿ! ನಡುವ ನಡುವ ಗಪ್ಪಂತ ನಿಂತಬಿಡ್ತೈತಿ, ನನಗ ಜೀವ ಹೋದಂಗಾಗ್ತೈತಿ. ಮೊನ್ನೆ ಟ್ರ್ಯಾಕ್ಟರ್ ಮ್ಯಾಲ ತೂಗಡಿಸಿ ಕಾಲುವಿ ದಂಡೀಗೆ ಹೋಗಿದ್ರು. ಹಾಸಿಗಿ ಸರಿಯಿಲ್ಲ ಅಂತ ಕಾಣ್ತೈತಿ."

ಲಾಲಸಾಬ ಅಳತೆಯ ಟೇಪು ಮಡಿಚಿ ಜೇಬಿಗಿಟ್ಟ. ಎದ್ದು ಇಬ್ಬರಿಗೂ ಕುರ್ಚಿ ಹಾಕಿದ.

"ಗಾದಿ ಎಲ್ಲಿಗೂ ಹೋಗಂಗಿಲ್ಲ ತಂಗೆಮ್ಮಾ. ಹಾಸಿಗಿ ಮ್ಯಾಲ ತಪ್ಪಿಲ್ಲ. ಮೊದಲು ಬಳ್ಳಾರಿಗೆ ಹೋಗಿ ಬರ್ರಿ. ಅಲ್ಲೀತನಕ ಟ್ರ್ಯಾಕ್ಟರ್ ಮುಟ್ಟಬ್ಯಾಡ ತಮ್ಮಾ," ಎಂದ. ಒಳಗೆ ತಿರುಗಿ ಕೂಗಿದ, "ಏ ಕುಬ್ರಾ, ಬಾ ಇಲ್ಲೆ. ನಿಂದು ಇವ್ರಿಗೂ ಹೇಳು ಬಾ."

ಅಕ್ಕಂದಿರೇ, ಅಣ್ಣಂದಿರೇ, ಇವತ್ತು ನಿಮ್ಮ ಮನೆಯಲ್ಲಿ ಯಾರಾದರೂ ಗೊರಕೆ ಹೊಡೆದರೆ ನಗುವ ಮೊದಲು ಸ್ವಲ್ಪ ಹೊತ್ತು ಕಿವಿಗೊಡಿ. ಗೊರಕೆ ನಡುವೆ ನಿಂತು, ಗಕ್ಕನೆ ಉಸಿರು ಎಳೆಯುತ್ತಾರೆಯೇ? ರಾತ್ರಿಯಿಡೀ ಮಲಗಿಯೂ ಹಗಲು ತೂಕಡಿಸುತ್ತಾರೆಯೇ? ಬೆಳಿಗ್ಗೆ ತಲೆನೋವು, ಒಣಗಿದ ಬಾಯಿ, ಗುಳಿಗೆಗೆ ಬಗ್ಗದ ಬಿಪಿ ಇದೆಯೇ? ಫೋನಿನಲ್ಲಿ ವಿಡಿಯೋ ಮಾಡಿ ಡಾಕ್ಟರಿಗೆ ತೋರಿಸಿ. ಹೆಂಗಸರು ನಾಚಬೇಡಿ. ಬಸುರಿ ಹೆಣ್ಣುಮಗಳಿಗೆ ಹೊಸದಾಗಿ ಗೊರಕೆ ಶುರುವಾದರೆ ನರ್ಸಿಗೆ ಹೇಳಿ. ಬಾಯಿ ತೆರೆದು ಮಲಗಿ ಗೊರಕೆ ಹೊಡೆಯುವ ಮಕ್ಕಳನ್ನೂ ತೋರಿಸಿ. ಗಂಟಲಿನ ಟಾನ್ಸಿಲ್ ಗಡ್ಡೆ ಬೆಳೆದಿದ್ದರೂ ಹಾಗಾಗುತ್ತದೆ. ಕುಡಿತ ಗಂಟಲನ್ನು ಇನ್ನಷ್ಟು ಸಡಿಲ ಮಾಡುತ್ತದೆ. ನಿದ್ದೆ ಗುಳಿಗೆಯನ್ನು ನೀವಾಗಿಯೇ ತಂದು ನುಂಗಬೇಡಿ. ಹಗಲು ಕಣ್ಣೆಳೆಯುವವರು ಗಾಡಿ ಓಡಿಸಬೇಡಿ, ಎತ್ತರಕ್ಕೆ ಹತ್ತಬೇಡಿ, ಕೂಸನ್ನು ಒಬ್ಬರೇ ಎತ್ತಿಕೊಂಡು ಕೂರಬೇಡಿ.

ನಿಮ್ಮ ಪಕ್ಕದಲ್ಲಿ ಮಲಗಿದವರ ಉಸಿರು ನಿಲ್ಲುವುದು ಅವರಿಗೆ ಕೇಳಿಸುವುದಿಲ್ಲ. ಅದನ್ನು ಕೇಳಿಸಿಕೊಳ್ಳಬಲ್ಲವರು ನೀವು. ಕೇಳಿಸಿಕೊಂಡಿರಾದರೆ, ಬೆಳಗಾದ ಮೇಲೆ ಅವರಿಗೆ ಹೇಳಿ.